ತೇಗದ ಹಡಗಿಗೆ ತೇಗ ಒಗ್ಗಲಿಲ್ಲ

ಎಚ್‌ಎಂಎಸ್ ಟ್ರಿಂಕೋಮಲಿ ಎಂಬ ಹಾಯಿ ಯುದ್ಧನೌಕೆಯನ್ನು ಮುಂಬಯಿಯ ಹಡಗುಕಟ್ಟೆಯಲ್ಲಿ ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ ಅವರು ಮಲಬಾರಿನ ತೇಗದಿಂದ ಕಟ್ಟಿಸಿ, 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದರು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಅದು ಇಂದಿಗೂ ತೇಲುತ್ತಿದೆ. ಅದರ ಮಾದರಿಯನ್ನು ಮಾಡಲು ಹೊರಟಾಗ, ತೇಗದ ಹಡಗನ್ನು ತೇಗದಲ್ಲಿಯೇ ಕಟ್ಟಬೇಕೆಂಬ ಹಟ ನನಗಿತ್ತು. ಹಳೆಯ ಕಿಟಕಿ ಚೌಕಟ್ಟೊಂದನ್ನು ಸೀಳಿ, ಒಂದು ಮಿ.ಮೀ. ದಪ್ಪದ ಪಟ್ಟಿಗಳನ್ನು ಕಷ್ಟಪಟ್ಟು ತೆಗೆದುಕೊಂಡೆ. ಹತ್ತು ಪಟ್ಟಿಗಳನ್ನು ಜೋಡಿಸಿ ನೋಡುವಷ್ಟರಲ್ಲಿ ಹಟ ಇಳಿಯಿತು. ತೇಗದ ರಂಧ್ರಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು, ಕಾಲು ಮಿ.ಮೀ. ಅಗಲದ ಒಂದು ರಂಧ್ರವು 1:64ರ ಮಾದರಿಯಲ್ಲಿ, ನಿಜವಾದ ಹಡಗಿನ ಲೆಕ್ಕಕ್ಕೆ, ಬೆರಳು ತೂರುವ 16 ಮಿ.ಮೀ.ನ ತೂತಾಗುತ್ತದೆ. ಇದರ ಜೊತೆಗೆ ಮರದೊಳಗಿನ ಎಣ್ಣೆಯಂಶ ಅಂಟನ್ನು ಹಿಡಿಯಗೊಡುತ್ತಿರಲಿಲ್ಲ, ಅದರಲ್ಲಿರುವ ಸಿಲಿಕಾ ಉಳಿಯ ಮೊನೆಯನ್ನು ಗಳಿಗೆಗೊಮ್ಮೆ ಮೊಂಡು ಮಾಡುತ್ತಿತ್ತು. ಹಡಗನ್ನು ಕುಗ್ಗಿಸಬಹುದು, ಮರದ ಎಳೆಯನ್ನು ಕುಗ್ಗಿಸಲಾಗದು ಎಂಬ ಈ ತೊಡಕು ಮುಂದೆ ಹಗ್ಗ, ಮೊಳೆ, ಬಣ್ಣ ಎಲ್ಲದರಲ್ಲಿಯೂ ಬೇರೆ ಬೇರೆ ರೂಪದಲ್ಲಿ ಎದುರಾಯಿತು. ಕೊನೆಗೆ ಎಳೆ ಕಾಣದಷ್ಟು ನಯವಾದ ಪೇರ್ ಮರವನ್ನು ಹೊರಮೈಗೂ, ಸಣ್ಣ ಕೆತ್ತನೆಗಳಿಗೆ ಬಾಕ್ಸ್‌ವುಡ್ ಅನ್ನೂ ಆರಿಸಿಕೊಂಡೆ.

ನಕ್ಷೆಯ ವಿಷಯದಲ್ಲಿ ಮೊದಲು ತೀರ್ಮಾನಿಸಬೇಕಾದುದು ಹಡಗನ್ನು ಯಾವ ಕಾಲದ ರೂಪದಲ್ಲಿ ತೋರಿಸಬೇಕು ಎಂಬುದು. ಲೀಡಾ ವರ್ಗದ ಫ್ರಿಗೇಟ್ (ಮಧ್ಯಮ ಗಾತ್ರದ, ವೇಗದ ಯುದ್ಧನೌಕೆ) ಆಗಿ ಹುಟ್ಟಿದ ಈ ಹಡಗನ್ನು 1845ರಲ್ಲಿ 26 ಫಿರಂಗಿಗಳ ಕಾರ್ವೆಟ್ (ಫ್ರಿಗೇಟಿಗಿಂತ ಕೆಳಗಿನ ದರ್ಜೆಯ ಯುದ್ಧನೌಕೆ) ಆಗಿ ಮಾರ್ಪಡಿಸಿ, ಹಿಂಬದಿಯ ಆಕಾರವನ್ನೂ ಬದಲಿಸಿದರು. ನಾನು ಕಟ್ಟಲು ಬಯಸಿದ್ದು 1817ರ ಹಡಗನ್ನು. ಆದ್ದರಿಂದ ಇಂದಿನ ಫೋಟೋಗಳು ಹಿಂಬದಿಯ ಕೆಲಸಕ್ಕೆ ದಾರಿ ತಪ್ಪಿಸುವಂಥವು ಎಂದು ಅವುಗಳನ್ನು ಬದಿಗಿಟ್ಟು, ಮೂಲ ನಕ್ಷೆಯನ್ನಷ್ಟೇ ನಂಬಿದೆ. (ಈ ಹಡಗಿನ ನಕ್ಷೆಗಳಿಗೂ ಒಂದು ಕಥೆಯಿದೆ: ಅವುಗಳನ್ನು ಹೊತ್ತು ಮುಂಬಯಿಗೆ ಬರುತ್ತಿದ್ದ ಎಚ್‌ಎಂಎಸ್ ಜಾವಾ ಹಡಗನ್ನು 1812ರ ಡಿಸೆಂಬರಿನಲ್ಲಿ ಅಮೆರಿಕದ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಬ್ರೆಜಿಲ್ ಕರಾವಳಿಯಾಚೆ ಸೋಲಿಸಿದ್ದರಿಂದ, ಇನ್ನೊಂದು ಪ್ರತಿಯನ್ನು ಕಳುಹಿಸಬೇಕಾಯಿತು.) ಬ್ರಿಟಿಷ್ ನೌಕಾಡಳಿತದ ನಕ್ಷೆಗಳು ಒಂದು ಅಡಿಗೆ ಕಾಲು ಅಂಗುಲದ ಲೆಕ್ಕದಲ್ಲಿ, ಅಂದರೆ 1:48ರಲ್ಲಿ ಇರುತ್ತವೆ, ಅವುಗಳನ್ನು ಮುಕ್ಕಾಲಿಗೆ ಇಳಿಸಿದರೆ 1:64 ಸಿಗುತ್ತದೆ. 150 ಅಡಿಗಿಂತ ತುಸು ಹೆಚ್ಚಿನ ಫಿರಂಗಿ ಅಟ್ಟ ನನ್ನ ಮೇಜಿನ ಮೇಲೆ ಸುಮಾರು 72 ಸೆಂ.ಮೀ. ಆಯಿತು. ನಕಲು ಯಂತ್ರಗಳು ಕಾಗದವನ್ನು ಉದ್ದಕ್ಕೆ ಒಂದಿಷ್ಟು, ಅಗಲಕ್ಕೆ ಇನ್ನೊಂದಿಷ್ಟು ಹಿಗ್ಗಿಸುತ್ತವೆ. ಶೇಕಡಾ ಒಂದರಷ್ಟು ವ್ಯತ್ಯಾಸವೂ ಈ ಉದ್ದದಲ್ಲಿ ಏಳು ಮಿ.ಮೀ.ಗೆ ಬರುವುದರಿಂದ, ಪ್ರತಿ ಹಾಳೆಯನ್ನೂ ಎರಡು ದಿಕ್ಕಿನಲ್ಲಿ ಅಳೆದು ನೋಡಿದ ಮೇಲೆಯೇ ಕತ್ತರಿ ಹಿಡಿಯುತ್ತಿದ್ದೆ.

ಅಸ್ಥಿಪಂಜರದ ಕೆಲಸ ಬೇಗ ಮುಗಿಯಿತು. ಐದು ಮಿ.ಮೀ. ಪ್ಲೈವುಡ್ಡಿನ ಬೆನ್ನೆಲುಬು, ಅದಕ್ಕೆ ಕಚ್ಚು ಹಾಕಿ ಕೂರಿಸಿದ 22 ಅಡ್ಡಹಲಗೆಗಳು, ಅವುಗಳ ನಡುವೆ ಮೂಲೆಮಟ್ಟ ಹಿಡಿದು ತುಂಬಿದ ಮರದ ಬಿಲ್ಲೆಗಳು. ತಾಳ್ಮೆ ಬೇಡುವುದು ಅಡ್ಡಹಲಗೆಗಳ ಅಂಚನ್ನು ಓರೆಯಾಗಿ ಉಜ್ಜುವ ಕೆಲಸ: ತೆಳುವಾದ ಪಟ್ಟಿಯೊಂದನ್ನು ಹಡಗಿನ ಮೈಯುದ್ದಕ್ಕೂ ಬಾಗಿಸಿ ಹಿಡಿದಾಗ, ಅದು ಯಾವ ಅಂಚನ್ನೂ ಬಿಟ್ಟು ನಿಲ್ಲದೆ, ಯಾವುದರ ಮೇಲೂ ಎದ್ದು ಕೂರದೆ ಹರಿಯಬೇಕು. ಕಣ್ಣಿಗಿಂತ ಬೆರಳಿಗೆ ಈ ಏರುತಗ್ಗು ಬೇಗ ತಿಳಿಯುತ್ತದೆ. ನಾನು ಕಣ್ಣು ಮುಚ್ಚಿಕೊಂಡು ಸವರಿ ನೋಡುತ್ತಿದ್ದೆ.

ಹೊರಮೈಗೆ ಹಲಗೆ ಹೊದಿಸುವಾಗ ನಾನು ಮಾಡಿದ ತಪ್ಪು ಸಣ್ಣದಲ್ಲ. ಎಡಬದಿಯ ಕೆಲಸ ಹದವಾಗಿ ಸಾಗುತ್ತಿದೆಯೆಂಬ ಹುಮ್ಮಸ್ಸಿನಲ್ಲಿ ಒಂದೇ ಬದಿಗೆ ಒಂಬತ್ತು ಸಾಲು ಹಲಗೆಗಳನ್ನು ಅಂಟಿಸಿಬಿಟ್ಟೆ. ಒದ್ದೆಯಾಗಿ ಬಾಗಿಸಿದ ಪಟ್ಟಿಗಳು ಒಣಗುತ್ತ ಎಳೆದುಕೊಂಡವು. ಮರುದಿನ ಬೆಳಿಗ್ಗೆ ಅಡಿಮರದ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ನೋಡಿದರೆ, ನಡುವಿನಲ್ಲಿ ಮೂರು ಮಿ.ಮೀ. ಬೆಳಕು ತೂರುತ್ತಿತ್ತು; ಹಡಗು ಬಾಳೆಕಾಯಿಯಂತೆ ಬಾಗಿತ್ತು. ಬಿಸಿನೀರಿನ ಬಟ್ಟೆ ಹಾಕಿ ಅಂಟನ್ನು ಮೆತ್ತಗಾಗಿಸಿ, ಒಂಬತ್ತು ಸಾಲುಗಳನ್ನೂ ಕಿತ್ತೆ. ಅಂದಿನಿಂದ ಎಡಕ್ಕೊಂದು ಹಲಗೆ, ಕೂಡಲೇ ಬಲಕ್ಕೊಂದು ಹಲಗೆ, ನಡುವೆ ಒಂದು ರಾತ್ರಿಯ ಬಿಡುವು ಎಂಬ ಕ್ರಮವನ್ನು ಬಿಡಲಿಲ್ಲ.

ಹಡಗಿನ ಹೊಟ್ಟೆ ದುಂಡಗಿದ್ದು ಮೂತಿ ಕಿರಿದಾಗುವುದರಿಂದ, ಒಂದೇ ಅಗಲದ ಪಟ್ಟಿಗಳು ಮುಂದಕ್ಕೆ ಹೋದಂತೆ ಒಂದರ ಮೇಲೊಂದು ಏರತೊಡಗುತ್ತವೆ. ಪಟ್ಟಿಯನ್ನು ಚಪ್ಪಟೆ ಮೈಯ ಕಡೆಗೆ ಬಾಗಿಸಬಹುದು, ಅಂಚಿನ ಕಡೆಗೆ ಬಾಗಿಸಲಾಗದು. ಬಲವಂತ ಮಾಡಿದರೆ ಒಂದಂಚು ಮೇಲೆದ್ದು ಮೈಯೆಲ್ಲ ಮೆಟ್ಟಿಲು ಮೆಟ್ಟಿಲಾಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಬಗೆ ಹೀಗೆ: ಪ್ರತಿ ಅಡ್ಡಹಲಗೆಯ ಅಂಚಿನ ಮೇಲೂ ಕಾಗದದ ಪಟ್ಟಿಯನ್ನು ಸುತ್ತಿ ಉದ್ದವನ್ನು ಗುರುತಿಸಿಕೊಂಡು, ಅದನ್ನು ಸಾಲುಗಳ ಸಂಖ್ಯೆಯಿಂದ ಭಾಗಿಸಿ, ಆ ಜಾಗದಲ್ಲಿ ಹಲಗೆ ಎಷ್ಟು ಅಗಲವಿರಬೇಕೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುವುದು, ನಂತರ ಆ ಅಳತೆಗೆ ತಕ್ಕಂತೆ ಕೀಸುಳಿಯಿಂದ ಹಲಗೆಯ ಅಂಚನ್ನು ಕೀಸಿ ಸಣ್ಣಗೊಳಿಸುವುದು. ಮೂತಿಯ ಬಳಿ ಹಲಗೆಯ ಅಗಲ ಅರ್ಧಕ್ಕಿಂತ ಕಡಿಮೆಯಾಗುವಂತಿದ್ದರೆ, ಎರಡು ಸಾಲುಗಳನ್ನು ಅಲ್ಲಿಗೆ ಮುಗಿಸಿ, ಅವುಗಳ ತುದಿಗಳನ್ನು ಒಂದೇ ಹಲಗೆಗೆ ಕಚ್ಚು ಹಾಕಿ ಸೇರಿಸಬೇಕು. ಚೂಪಾದ ತುದಿಯ ಹಲಗೆಗೆ ಮೊಳೆ ನಿಲ್ಲುವುದಿಲ್ಲವೆಂದು ನಿಜವಾದ ಹಡಗುಕಟ್ಟೆಗಳಲ್ಲಿಯೂ ಹೀಗೆಯೇ ಮಾಡುತ್ತಿದ್ದರು.

ನೀರಿನ ಮಟ್ಟದ ಕೆಳಗೆ ತಾಮ್ರದ ತಗಡು ಹೊದಿಸಿದೆ. ನೌಕಾಪಡೆಯ ತಗಡು ನಾಲ್ಕು ಅಡಿ ಉದ್ದ, 14 ಅಂಗುಲ ಅಗಲ. ಮಾದರಿಗೆ ಅದು 19 ಮಿ.ಮೀ. ಉದ್ದ, ಐದೂವರೆ ಮಿ.ಮೀ. ಅಗಲ. ಹಿಂಬದಿಯಿಂದ ಆರಂಭಿಸಿ, ಮುಂದಿನ ತಗಡಿನ ಅಂಚು ಹಿಂದಿನದರ ಮೇಲೆ ಕೂರುವಂತೆ ಸುಮಾರು ಎರಡು ಸಾವಿರ ತುಂಡುಗಳನ್ನು ಅಂಟಿಸಿದೆ. ಮೊಳೆಗಳ ಗುರುತನ್ನು ಒತ್ತಿ ಉಬ್ಬಿಸುವ ಪದ್ಧತಿ ಕೆಲವರಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ; ಈ ಅಳತೆಯಲ್ಲಿ ಮೊಳೆಯ ತಲೆ ಕಾಣಿಸುವುದೇ ಇಲ್ಲ, ಉಬ್ಬಿಸಿದರೆ ಹಡಗಿಗೆ ಸಿಡುಬು ಎದ್ದಂತಾಗುತ್ತದೆ.

ಹಾಯಿ ಹೊರುವ ಕಂಬಗಳಾದ ಕೂವೆಮರಗಳನ್ನು ನಿಲ್ಲಿಸಿ ಹಗ್ಗಗಳಿಗೆ ಬಂದಾಗ ಇನ್ನೊಂದು ಪೆಟ್ಟು ಬಿತ್ತು. ಹಳೆಯ ಪಟ್ಟಿಗಳಲ್ಲಿ ಎಂಟು ಅಂಗುಲದ ಹಗ್ಗ, ಮೂರು ಅಂಗುಲದ ಹಗ್ಗ ಎಂದು ಬರೆದಿರುವುದು ಹಗ್ಗದ ಸುತ್ತಳತೆಯನ್ನು, ದಪ್ಪವನ್ನಲ್ಲ. ಇದನ್ನರಿಯದೆ ನಾನು ಮೂರು ಅಂಗುಲವನ್ನು ದಪ್ಪವೆಂದೇ ಲೆಕ್ಕ ಹಾಕಿ, ಕೈಯಿಂದ ತಿರುಗಿಸುವ ಪುಟ್ಟ ಹುರಿಯಂತ್ರದಲ್ಲಿ 1.2 ಮಿ.ಮೀ. ದಪ್ಪದ ಹಗ್ಗವನ್ನು ಮೀಟರುಗಟ್ಟಲೆ ಹೊಸೆದೆ. ಮೊದಲನೆಯ ಅಡ್ಡಮರಕ್ಕೆ ಅದನ್ನು ಕಟ್ಟಿದಾಗ ರಾಟೆಯ ತೂತಿನಲ್ಲಿ ಹಗ್ಗ ತೂರಲೇ ಇಲ್ಲ. ತಪ್ಪು ರಾಟೆಯದೆಂದು ತಿಳಿದು ತೂತನ್ನು ದೊಡ್ಡದು ಮಾಡಹೊರಟವನು, ಎರಡು ರಾಟೆಗಳನ್ನು ಸೀಳಿದ ಮೇಲೆ ಲೆಕ್ಕವನ್ನು ಮತ್ತೆ ನೋಡಿದೆ. ಸುತ್ತಳತೆಯನ್ನು 3.14ರಿಂದ ಭಾಗಿಸಿ ಕುಗ್ಗಿಸಿದರೆ ಬರಬೇಕಾದುದು 0.38 ಮಿ.ಮೀ. ಮಾತ್ರ. ಎಂಟು ಅಂಗುಲದ ಹಗ್ಗವೂ ಮಾದರಿಯಲ್ಲಿ ಸುಮಾರು ಒಂದು ಮಿ.ಮೀ. ಅಷ್ಟೇ.

ಎಳೆದು ಸಡಿಲಿಸುವ ಹಗ್ಗಗಳಿಗೆ ತಿಳಿ ಕಂದು, ಕೂವೆಮರವನ್ನು ಹಿಡಿದು ನಿಲ್ಲಿಸುವ ಟಾರು ಬಳಿದ ಹಗ್ಗಗಳಿಗೆ ಕಪ್ಪಿಗೆ ಹತ್ತಿರದ ಕಡುಕಂದು ಬಣ್ಣ. ಶ್ರೌಡ್ ಎಂಬ ಪಕ್ಕದ ಹಗ್ಗಗಳನ್ನು ಜೋಡಿಜೋಡಿಯಾಗಿ ಕೂವೆಯ ತಲೆಗೆ ತೊಡಿಸಬೇಕು. ಬಲಬದಿಯ ಮುಂದಿನ ಜೋಡಿ ಮೊದಲು, ಆಮೇಲೆ ಎಡಬದಿಯ ಮುಂದಿನದು, ಹೀಗೆ ಸರದಿಯಂತೆ. ಅವುಗಳಿಗೆ ಅಡ್ಡಲಾಗಿ ಐದು ಮಿ.ಮೀ. ಅಂತರದಲ್ಲಿ ರ್ಯಾಟ್‌ಲೈನ್ ಮೆಟ್ಟಿಲುಗಳನ್ನು ಕಟ್ಟುವುದು ಇಡೀ ಕೆಲಸದಲ್ಲಿ ಅತ್ಯಂತ ಬೇಸರದ ಭಾಗ. ಗೆರೆ ಎಳೆದ ಬಿಳಿ ರಟ್ಟನ್ನು ಹಿಂದೆ ಇಟ್ಟುಕೊಂಡು, ಪ್ರತಿ ಶ್ರೌಡಿಗೂ ಒಂದು ಕ್ಲೋವ್ ಹಿಚ್ ಗಂಟು ಹಾಕುತ್ತ ಹೋದೆ. ಗಂಟನ್ನು ಸ್ವಲ್ಪ ಬಿಗಿಯಾಗಿ ಎಳೆದರೂ ಶ್ರೌಡುಗಳು ಒಳಕ್ಕೆ ಬಾಗಿ ಮರಳು ಗಡಿಯಾರದ ಸೊಂಟದಂತೆ ಕಿರಿದಾಗುತ್ತವೆ. ಆದ್ದರಿಂದ ಐದಾರು ಸಾಲಿಗೊಮ್ಮೆ ಒಂದನ್ನು ಮೊದಲು ಕಟ್ಟಿ ಅಗಲವನ್ನು ಹಿಡಿದಿಟ್ಟು, ನಡುವಿನವನ್ನು ಆಮೇಲೆ ತುಂಬಿದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಈ ಕೆಲಸಕ್ಕೆ ಕೂರಬಾರದೆಂಬುದು ನನ್ನ ಅಭಿಪ್ರಾಯ; ಎರಡನೆಯ ಗಂಟೆಯಲ್ಲಿ ಹಾಕಿದ ಗಂಟುಗಳನ್ನೆಲ್ಲ ಮರುದಿನ ಬಿಚ್ಚಿದ್ದೇನೆ.

ಮುಖ್ಯ ಅಟ್ಟದ 28 ಫಿರಂಗಿಗಳು 18 ಪೌಂಡಿನ ಗುಂಡು ಹಾರಿಸುವಂಥವು, ಒಂಬತ್ತು ಅಡಿ ಉದ್ದದವು. 43 ಮಿ.ಮೀ.ನ ಹಿತ್ತಾಳೆ ಕಡ್ಡಿಗಳನ್ನು ಲೇತಿನಲ್ಲಿ ಕಡೆದು, ರಾಸಾಯನಿಕದಲ್ಲಿ ಅದ್ದಿ ಕಪ್ಪು ಮಾಡಿಕೊಂಡೆ. ಬಣ್ಣದ ವಿಷಯದಲ್ಲಿ ಹೇಳಬೇಕಾದುದು ಇಷ್ಟೇ: ಹೊಳಪಿನ ಬಣ್ಣ ಮಾದರಿಯನ್ನು ಆಟಿಕೆಯಾಗಿಸುತ್ತದೆ, ಮಂದ ಬಣ್ಣವನ್ನು ತೆಳುವಾಗಿ ಐದಾರು ಸಲ ಬಳಿದರೆ ಹಲಗೆಗಳ ಸಂದು ಮುಚ್ಚಿಹೋಗದೆ ಉಳಿಯುತ್ತದೆ.

ಹಾಯಿಗಳನ್ನು ಹಾಕಲಿಲ್ಲ, ಏಕೆಂದರೆ ಬಟ್ಟೆಯ ನೇಯ್ಗೆಯನ್ನೂ ಕುಗ್ಗಿಸಲಾಗದು. ಮೊದಲ ಹಲಗೆಯಿಂದ ಕೊನೆಯ ಹಗ್ಗದ ಸುರುಳಿಯವರೆಗೆ ಮೂರು ವರ್ಷ ಎಂಟು ತಿಂಗಳು ಹಿಡಿಯಿತು. ಮೊದಲು ಸೀಳಿದ್ದ ತೇಗದಲ್ಲಿ ಉಳಿದ ದಪ್ಪ ಹಲಗೆ ಈಗ ಮಾದರಿಯ ಪೀಠವಾಗಿದೆ. ಗಾಜಿನ ಪೆಟ್ಟಿಗೆಯ ಅಡಿಯಲ್ಲಿ ಗಾಳಿಯಾಡಲೆಂದು ಎರಡು ಸಣ್ಣ ಕಿಂಡಿಗಳನ್ನು ಬಿಟ್ಟು, ಅವುಗಳಿಗೆ ದೂಳು ನುಗ್ಗದಂತೆ ತೆಳುಬಟ್ಟೆ ಅಂಟಿಸಿದ್ದೇನೆ.