ಮಳೆಗಾಲಕ್ಕೆ ಹಳೇ ಸಿನಿಮಾ ಕೂಡಿಡೋದು ಹೇಗೆ

ಕೊಡಗಿನ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗೋ ರಸ್ತೆಲಿ ನಮ್ಮನೆ. ಮೇ ಕೊನೆಗೆ ಬಂತು ಅಂದ್ರೆ ಸೌದೆ ಒಳಗೆ ಹಾಕ್ತೀವಿ, ಹಪ್ಪಳ ಡಬ್ಬಕ್ಕೆ ತುಂಬ್ತೀವಿ, ಇನ್ವರ್ಟರ್ ಬ್ಯಾಟ್ರಿಗೆ ನೀರು ಹಾಕ್ತೀವಿ, ಇದು ಎಲ್ರ ಮನೇಲೂ ಇರೋದೇ, ನಾನು ಇದ್ರ ಜೊತೆ ಹಳೇ ಸಿನಿಮಾನೂ ಕೂಡಿಡ್ತೀನಿ. ಯಾಕಂದ್ರೆ ಆರಿದ್ರಾ ಮಳೆ ಹಿಡ್ಕೊಂಡ್ರೆ ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ ಅಂತ ಆಗಸ್ಟ್ ಮಧ್ಯದವರೆಗೂ ಬಿಡೋ ಮಾತೇ ಇಲ್ಲ, ಕರೆಂಟು ಹೋದ್ರೆ ಹೋಯ್ತು, ನೆಟ್‌ವರ್ಕ್ ಅದರ ಹಿಂದೇನೇ ಹೋಗ್ತದೆ, ಡಿಶ್ಶು ಮೋಡ ಕಂಡ್ರೆ ಸಾಕು ಸಿಗ್ನಲ್ ಇಲ್ಲ ಅಂತ ಬೋರ್ಡ್ ಹಾಕ್ಬಿಡ್ತದೆ. ಆಗ ಹುಡುಕ್ತೀನಿ ಅಂದ್ರೆ ಏನೂ ಸಿಗಲ್ಲ. ಮೊದ್ಲೇ ಮಾಡಿಡ್ಬೇಕು.

ಯಾವ ಸಿನಿಮಾ ಅನ್ನೋದೇ ದೊಡ್ಡ ಪ್ರಶ್ನೆ. ಸಾಯೋದ್ರೊಳಗೆ ನೋಡ್ಬೇಕಾದ ನೂರು ಸಿನಿಮಾ ಅಂತ ಪಟ್ಟಿ ಓಡಾಡ್ತಾ ಇರ್ತದಲ್ಲ, ಅದನ್ನ ಪಕ್ಕಕ್ಕಿಡಿ, ಅದು ಪರೀಕ್ಷೆಗೆ ಓದೋರಿಗೆ. ನನ್ ಲೆಕ್ಕ ಇಷ್ಟೇ: ಸಿನಿಮಾ ಹೆಸರು ಹೇಳಿದ ತಕ್ಷಣ ಒಂದು ಸೀನ್ ಕಣ್ಮುಂದೆ ಬರ್ಬೇಕು, ಅದನ್ನ ನೋಡುವಾಗ ಪಕ್ಕದಲ್ಲಿ ಯಾರು ಕೂತಿದ್ರು ಅನ್ನೋದೂ ಬರ್ಬೇಕು. ಎರಡೂ ಬಂದ್ರೆ ಅದು ನಿಮ್ಮ ಸಿನಿಮಾ, ಲೋಕಕ್ಕೆ ಅದು ಡಬ್ಬಾ ಆಗಿದ್ರೂ ಪರ್ವಾಗಿಲ್ಲ. ನಂಗೆ 'ಭೂತಯ್ಯನ ಮಗ ಅಯ್ಯು' ಅಂದ್ರೆ ಲೋಕನಾಥ್ ಉಪ್ಪಿನಕಾಯಿ ತಿನ್ನೋ ಸೀನು, ಪಕ್ಕದಲ್ಲಿ ಅಜ್ಜಿ. 1974ರ ಸಿನಿಮಾ, ಗೊರೂರರ ಕಥೆ, ಸಿದ್ದಲಿಂಗಯ್ಯನವರ ಡೈರೆಕ್ಷನ್, ಆ ಒಂದು ಸೀನಿಂದ ಲೋಕನಾಥ್ ಅವ್ರಿಗೆ ಉಪ್ಪಿನಕಾಯಿ ಅನ್ನೋದು ಹೆಸರಿಗೇ ಅಂಟ್ಕೊಂಡ್ಬಿಡ್ತು. ನಮ್ಮಜ್ಜಿ ಈಗ್ಲೂ ಆ ಸೀನ್ ಬರೋ ಎರಡು ನಿಮಿಷ ಮುಂಚೆ ಎದ್ದು ಹೋಗಿ ಮಿಡಿ ಉಪ್ಪಿನಕಾಯಿ ಭರಣಿ ತಂದು ಮುಂದಿಟ್ಕೋತಾರೆ. ಯಾವ ಆ್ಯಪೂ ಈ ಲೆಕ್ಕ ಹಾಕಿ ಸಿನಿಮಾ ತೋರ್ಸಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ, ಅರ್ಧ ನೋಡಿದ ಸಿನಿಮಾಗಳ ಬಗ್ಗೆ. ನಾವು ಚಿಕ್ಕೋರಿದ್ದಾಗ ಭಾನುವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಸಿನಿಮಾ, ಮನೇಲಿ ಒಂದು ಪುಟ್ಟ ಬ್ಲಾಕ್ ಅಂಡ್ ವೈಟ್ ಟಿವಿ, ಆಂಟೆನಾ ಕಟ್ಟಿದ್ದು ಸಿಲ್ವರ್ ಮರದ ತುದಿಗೆ. ಗಾಳಿಗೆ ಮರ ಅಲ್ಲಾಡಿದ್ರೆ ರಾಜ್‌ಕುಮಾರೂ ಅಲ್ಲಾಡೋರು. ಕರೆಂಟ್ ಹೋದ್ರೆ ಅಪ್ಪ ಟ್ರ್ಯಾಕ್ಟರ್ ಬ್ಯಾಟ್ರಿ ಬಿಚ್ಕೊಂಡು ಬಂದು ಕ್ಲಿಪ್ ಹಾಕಿ ಟಿವಿ ಓಡಿಸೋರು, ಆ ಟಿವಿಗಳು 12 ವೋಲ್ಟಲ್ಲೂ ಓಡೋವು. ಬ್ಯಾಟ್ರಿ ಇಳೀತಾ ಬಂದಂಗೆ ಚಿತ್ರ ನಾಲ್ಕೂ ಕಡೆಯಿಂದ ಒಳಗೆ ಕುಗ್ತಾ ಬರೋದು, ಸುತ್ತ ಕಪ್ಪು ಚೌಕಟ್ಟು ದಪ್ಪ ಆಗ್ತಾ ಆಗ್ತಾ ಕೊನೆಗೆ ಪೋಸ್ಟ್‌ಕಾರ್ಡ್ ಅಷ್ಟಗಲ ಉಳಿಯೋದು, ನಾವೆಲ್ಲ ಮೊಣಕಾಲಲ್ಲಿ ತೆವಳ್ಕೊಂಡು ಹತ್ರ ಹತ್ರ ಹೋಗ್ತಿದ್ವಿ, ಆಮೇಲೆ ಟಪ್. ಅಂಥ ಒಂದು ಭಾನುವಾರ 'ಶರಪಂಜರ' ಬಂದಿತ್ತು. 'ಕೊಡಗಿನ ಕಾವೇರಿ' ಹಾಡು ಬಂದಾಗ ಮನೇಲಿದ್ದೋರೆಲ್ಲ ನಮ್ಮೂರು ನಮ್ಮೂರು ಅಂತ ಕೂಗಿದ್ದೇ ಕೂಗಿದ್ದು, ಸ್ವಲ್ಪ ಹೊತ್ತಿಗೆ ಬ್ಯಾಟ್ರಿ ಮುಗೀತು. ನಾನು ಸುಮಾರು ಇಪ್ಪತ್ತು ವರ್ಷ ಅದು ಗಂಡ ಹೆಂಡ್ತಿ ಖುಷಿಯಾಗಿ ಕಾವೇರಿ ತೀರದಲ್ಲಿ ಓಡಾಡೋ ಸಿನಿಮಾ ಅಂತಾನೇ ನಂಬ್ಕೊಂಡಿದ್ದೆ.

ಆಮೇಲೆ ಒಂದಿನ ಡಿವಿಡಿ ತಂದು ಜೋರು ಮಳೇಲಿ ಮನೆಯವ್ರನ್ನೆಲ್ಲ ಕೂರಿಸಿ ಹಾಕ್ದೆ. ತ್ರಿವೇಣಿಯವರ ಕಾದಂಬರಿ ಅದು, ಬಾಣಂತನದಲ್ಲಿ ಮನಸ್ಸಿನ ಕಾಯಿಲೆಯಾಗಿ ವಾಸಿಯಾಗಿ ಬಂದ ಹೆಂಗಸನ್ನ ಗಂಡನೂ ನಂಬಲ್ಲ ಊರೂ ನಂಬಲ್ಲ, ಕೊನೇಲಿ ಕಲ್ಪನಾ ಅವ್ರನ್ನ ನೋಡಿ ನನ್ ಹೆಂಡ್ತಿ ಎದ್ದು ಅಡುಗೆಮನೆಗೆ ಹೋದೋಳು ಅರ್ಧ ಗಂಟೆ ಬರ್ಲಿಲ್ಲ. ಪುಟ್ಟಣ್ಣ 1971ರಲ್ಲೇ ಇಂಥದ್ದು ಮಾಡಿದ್ರಲ್ಲ ಅಂತ ಕೈ ಮುಗೀಬೇಕು, ಆದ್ರೆ ಮನಸ್ಸು ಕುಗ್ಗಿರೋ ದಿನ ಹಾಕೋ ಸಿನಿಮಾ ಅದಲ್ಲ. ಹಾಗಾಗಿ ಹಾಡು ಮಾತ್ರ ನೆನಪಿದ್ದು ಕೊನೆ ನೆನಪಿಲ್ಲದ ಸಿನಿಮಾನ ಮೊದ್ಲು ನೀವೊಬ್ರೇ ನೋಡಿ, ಆಮೇಲೆ ಮನೆಯವ್ರಿಗೆ ತೋರ್ಸಿ.

ಅಳಿಸೋ ಸಿನಿಮಾ ಬೇಡ್ವೇ ಬೇಡ ಅಂತ ಹೇಳ್ತಿಲ್ಲ. 1990ರ 'ಮುತ್ತಿನ ಹಾರ' ನಮ್ಮಲ್ಲಿ ವರ್ಷಕ್ಕೊಂದ್ಸಲ ಆಗ್ಲೇಬೇಕು, ಮನೆಗೊಬ್ರು ಮಿಲಿಟ್ರಿಯಲ್ಲಿರೋ ಊರಲ್ಲಿ ವಿಷ್ಣುವರ್ಧನ್ ಸಿಪಾಯಿಯಾಗಿ ಬಂದ್ರೆ ಸುಮ್ನೆ ಇರೋಕಾಗ್ತದಾ, ಅದ್ರಲ್ಲೂ ಬಾಲಮುರಳಿಯವ್ರ ದನಿ ಶುರುವಾದ್ರೆ ಮನೆ ಗಪ್‌ಚಿಪ್. ಅಲ್ಲಿ ಅಳು ಬರ್ತದೆ ಅಂತ ಎಲ್ರಿಗೂ ಗೊತ್ತಿರ್ತದೆ, ಎಲ್ಲಿ ಬರ್ತದೆ ಅಂತಾನೂ ಗೊತ್ತಿರ್ತದೆ, ಟವೆಲ್ ಇಟ್ಕೊಂಡೇ ಕೂರ್ತಾರೆ. ಪಕ್ಕದ ತೋಟದ ರಿಟೈರ್ಡ್ ಸುಬೇದಾರ್ರು ಮಾತ್ರ ಪ್ರತಿ ಸಲ ಸಲ್ಯೂಟ್ ಹೊಡೆಯೋ ಕೈ ಸರಿಯಿಲ್ಲ ಅಂತ ತಪ್ಪು ಹುಡುಕ್ತಾ ಕೂತಿರ್ತಾರೆ, ಕಣ್ಣೊರೆಸ್ಕೊಳ್ಳೋದೂ ಮೊದ್ಲು ಅವ್ರೇ.

ಇನ್ನು ಮಳೆ ಸದ್ದು. ಬಯಲುಸೀಮೆಯೋರಿಗೆ ಇದು ಅರ್ಥ ಆಗಲ್ಲ, ಶೀಟ್ ಮನೆ ಮೇಲೆ ಜಡಿಮಳೆ ಬಿದ್ರೆ ಪಕ್ಕದೋರ ಮಾತೇ ಕೇಳ್ಸಲ್ಲ, ಇನ್ನು 1972ರ ಸಿನಿಮಾ ಡೈಲಾಗ್ ಎಲ್ಲಿ ಕೇಳ್ಬೇಕು. ವಾಲ್ಯೂಮ್ ಪೂರ್ತಿ ಕೊಟ್ರೆ ಹಳೇ ಪ್ರಿಂಟಿನ ಕರಕರ ಜಾಸ್ತಿ ಆಗೋದು ಅಷ್ಟೇ. ಎರಡು ಕೆಲ್ಸ ಮಾಡಿ. ಬ್ಲೂಟೂತ್ ಸ್ಪೀಕರನ್ನ ಟಿವಿ ಹತ್ರ ಇಡ್ಬೇಡಿ, ಕೂತೋರ ಮಧ್ಯೆ ಇಡಿ, ಅಜ್ಜಿ ಇದ್ರೆ ಅವ್ರ ತಲೆ ಪಕ್ಕದಲ್ಲಿ. ಟಿವಿ ಸೌಂಡ್ ಸೆಟ್ಟಿಂಗಲ್ಲಿ ಬೇಸ್ ಇಳಿಸಿ ಮಾತು ಚೆನ್ನಾಗಿ ಕೇಳ್ಸೋ ಮೋಡ್‌ಗೆ ಹಾಕಿ, ಹಳೇ ಸೌಂಡು ಮೋನೋ, ಅದ್ರಲ್ಲಿ ಗುಡುಗೋದೇನೂ ಇಲ್ಲ. ಅದಕ್ಕಿಂತ ಮುಖ್ಯವಾದ್ದು, ಜಡಿ ಹಿಡಿದ ದಿನಕ್ಕೆ ಬಾಯಿಪಾಠ ಇರೋ ಸಿನಿಮಾನೇ ಹಾಕಿ. 'ಗೌರಿ ಗಣೇಶ' ನಮ್ಮನೇಲಿ ಸದ್ದು ಪೂರ್ತಿ ಬಂದ್ ಮಾಡಿದ್ರೂ ಓಡ್ತದೆ, ಅನಂತನಾಗ್ ಬಾಯಿ ಅಲ್ಲಾಡ್ಸಿದ್ರೆ ಸಾಕು, ಮಾತು ಚಿಕ್ಕಪ್ಪ ಹೇಳ್ತಾರೆ. ಸೋನೆ ಮಳೆ ದಿನಕ್ಕೆ ಮಾತು ಜಾಸ್ತಿ ಇರೋ ಸಿನಿಮಾ ಇಟ್ಕೊಳ್ಳಿ. ಮೋಡ ಮಾತ್ರ ಇದ್ದು ಮಳೆ ಇಲ್ದಿರೋ ದಿನ ಸಿನಿಮಾ ನೋಡ್ಬೇಡಿ, ತೋಟದಲ್ಲಿ ಕೆಲ್ಸ ಇರ್ತದೆ.

ಕೂಡಿಡೋ ವಿಷ್ಯ. ಹಳೇ ಕನ್ನಡ ಸಿನಿಮಾ ಸುಮಾರು ಯೂಟ್ಯೂಬಲ್ಲೇ ಸಿಗ್ತವೆ, ಹಕ್ಕು ಇರೋ ಕಂಪ್ನಿಗಳೇ ಹಾಕಿರೋದೂ ಇದೆ, ಯಾರ್ಯಾರೋ ಹಾಕಿರೋದೂ ಇದೆ. ಡೌನ್‌ಲೋಡ್ ಒತ್ತೋ ಮೊದ್ಲು ಒಟ್ಟು ಟೈಮ್ ನೋಡಿ, ಎಪ್ಪತ್ತರ ದಶಕದ ಸಿನಿಮಾ ಅಂದ್ರೆ ಎರಡೂವರೆ ಗಂಟೆ ಹತ್ರ ಇರ್ತದೆ, ಒಂದು ಮುಕ್ಕಾಲು ಗಂಟೆಗೇ ಮುಗಿದ್ರೆ ಯಾರೋ ಕತ್ರಿ ಆಡಿಸಿದ್ದಾರೆ ಅಂತ ಲೆಕ್ಕ, ಹೆಚ್ಚಾಗಿ ಹಾಡಿಗೇ ಕತ್ರಿ. ನಾನು ಇದನ್ನ ನೋಡ್ದೆ ಒಂದ್ಸಲ 'ಸಂಪತ್ತಿಗೆ ಸವಾಲ್' ಇಳಿಸ್ಕೊಂಡೆ, ಎಮ್ಮೆ ಮೇಲೆ ಕೂತು 'ಯಾರೇ ಕೂಗಾಡಲಿ' ಬರೋ ಜಾಗದಲ್ಲಿ ಪಟಕ್ ಅಂತ ಮುಂದಿನ ಸೀನ್! ಆ ಹಾಡಿಂದಾನೇ ರಾಜ್‌ಕುಮಾರ್ ಗಾಯಕರಾಗಿ ನೆಲೆ ನಿಂತಿದ್ದು, ಅದೇ ಇಲ್ಲ ಅಂದ್ರೆ ಉಪ್ಪಿಲ್ದ ಸಾರು. ಅಪ್ಪ ಎದ್ದು ಹೋಗಿ ಮಲ್ಕೊಂಡ್ರು.

ಮುಖಗಳು ದಪ್ಪ ದಪ್ಪ ಕಾಣ್ತಿದ್ರೆ ಟಿವಿ ಪಿಕ್ಚರ್ ಸೈಜನ್ನ 4:3 ಮಾಡಿ, ಎರಡೂ ಕಡೆ ಕಪ್ಪು ಪಟ್ಟಿ ಬಂದ್ರೆ ಬರ್ಲಿ. ಬಣ್ಣ ಎಲ್ಲ ಕೆಂಪು ತಿರುಗಿದ್ರೆ ಟಿವಿಗೆ ಬೈಬೇಡಿ, ಆಗಿನ ಕಲರ್ ಫಿಲ್ಮಲ್ಲಿ ನೀಲಿ ಕಡೆಯ ಬಣ್ಣ ಬೇಗ ಮಾಸಿ ಕೆಂಪು ಉಳಿಯೋದು. 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ತುಂಬಿ ಬಿಟ್ರು, ಚೆನ್ನಾಗೇ ಇದೆ, ಆದ್ರೆ ನಾವು ಕಪ್ಪು ಬಿಳುಪಿನದ್ದೇ ನೋಡೋದು, ಆ ಮನೆ ಆ ಪಾರಿವಾಳ ನಮ್ಮ ತಲೇಲಿರೋದು ಹಾಗೇನೇ. ಇನ್ನೊಂದು, ಆ್ಯಪ್ ಒಳಗೆ ಡೌನ್‌ಲೋಡ್ ಮಾಡಿಟ್ಟಿದ್ದೂ ಒಂದಷ್ಟು ದಿನ ನೆಟ್ ಸಿಗದಿದ್ರೆ ತೆರ್ಕೊಳ್ಳಲ್ಲ, ಹಾಗಾಗಿ ಸಂತೆಗೆ ಪೇಟೆಗೆ ಹೋದಾಗ ಟ್ಯಾಬ್ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ಒಂದ್ಸಲ ನೆಟ್ ತೋರ್ಸ್ಕೊಂಡು ಬನ್ನಿ. ಹಳೇ ಡಿವಿಡಿ, ವಿಸಿಡಿ ಇದ್ರೆ ಬಿಸಾಕ್ಬೇಡಿ, ಬೂಷ್ಟು ಹಿಡಿದಿದ್ರೆ ಮೆತ್ತನೆ ಬಟ್ಟೇಲಿ ಮಧ್ಯದಿಂದ ಅಂಚಿಗೆ ನೇರ ಒರೆಸಿ, ಗುಂಡಗೆ ಉಜ್ಜಬೇಡಿ. ಕಾಫಿ ಗೋಣಿ ಇಡೋ ರೂಮಲ್ಲಿ ಮಾತ್ರ ಇಡ್ಲೇಬೇಡಿ.

ಇನ್ವರ್ಟರ್ ಬಗ್ಗೆ ಎಲ್ರೂ ಹೆದರ್ತಾರೆ. 32 ಇಂಚಿನ ಎಲ್‌ಇಡಿ ಟಿವಿ ಸುಮಾರು 50 ವ್ಯಾಟ್ ತಿನ್ತದೆ, ಬ್ಯಾಟ್ರಿ ಸರಿ ಇದ್ರೆ ಒಂದು ಸಿನಿಮಾ ಏನು, ಎರಡೂ ಆಗ್ತದೆ, ಫ್ರಿಜ್ಜು ಮಿಕ್ಸಿ ಹಾಕ್ದಿದ್ರೆ. ಯಾರೋ ಒಬ್ರು ಮಧ್ಯದಲ್ಲಿ ಚಟ್ನಿ ರುಬ್ಬೋಕೆ ಹೋಗ್ತಾರೆ, ಅವ್ರನ್ನ ಹಿಡಿದು ಕೂರಿಸಿ.

ಊಟ ತಿಂಡಿ ನಿಮಗೆ ಹೇಳ್ಕೊಡ್ಬೇಕಾ, ಹಲಸಿನ ಬೀಜ ಕೆಂಡದಲ್ಲಿ ಹಾಕಿ, ಬೆಲ್ಲದ ಕಾಫಿ ದೊಡ್ಡ ಪಾತ್ರೇಲಿ ಮಾಡಿ ಒಲೆ ಪಕ್ಕ ಇಡಿ. ಎರಡೂ ಕೈಗೆ ಕೆಲ್ಸ ಕೊಡೋ ತಿಂಡಿ ಬೇಡ.

ಮಕ್ಳ ಜೊತೆ ನೋಡೋದಾದ್ರೆ ಒಂದು ಮಾತು. ನನ್ ಮಗಳಿಗೆ ಈಗ ಹನ್ನೆರಡು, 'ನಂಜುಂಡಿ ಕಲ್ಯಾಣ' ಹಾಕಿದ್ದೆ, ನಾನು ಹಾಡಿಗೆ ತಲೆ ಹಾಕ್ತಾ ಕೂತಿದ್ರೆ ಅವಳು, "ಅಪ್ಪಾ, ಹುಡುಗಿ ಜೋರಾಗಿ ಮಾತಾಡಿದ್ರೆ ಬಗ್ಗಿಸ್ಲೇಬೇಕಾ?" ಅಂತ ಕೇಳಿದ್ಲು. ನಾನು 1989ರಲ್ಲಿ ಹಾಗೆ ಕಣೇ ಅಂತ ಏನೇನೋ ಶುರು ಮಾಡ್ದೆ, ಅಜ್ಜಿ ಅಲ್ಲಿಂದಾನೇ, "ಬಗ್ಗಿಸ್ಬೇಕಾಗಿರ್ಲಿಲ್ಲ ಮಗಾ, ಆಗ ಹಂಗೇ ಕಥೆ ಕಟ್ಟೋರು" ಅಂದ್ರು, ಅಲ್ಲಿಗೆ ಮುಗೀತು. ಹಳೇದಂತ ಸಮರ್ಥಿಸ್ಕೊಳ್ಳೋಕೆ ಹೋಗ್ಬೇಡಿ. ತಪ್ಪಿದ್ರೆ ತಪ್ಪು ಅನ್ನಿ, ಮುಂದಿನ ಹಾಡಿಗೆ ಹೋಗಿ. ಮಕ್ಳಿಗೆ ಮೊದಲ್ನೇ ಸಲ ತೋರ್ಸೋದಾದ್ರೆ ನನ್ ವೋಟು 1985ರ 'ಬೆಟ್ಟದ ಹೂವು'ಗೆ, ಪುನೀತ್ ಅವರಿಗೆ ಬಾಲನಟ ಅಂತ ರಾಷ್ಟ್ರಪ್ರಶಸ್ತಿ ತಂದಿದ್ದು. ಕಾಡಲ್ಲಿ ಹೂ ಹುಡುಕಿ ಮಾರಿ 'ಶ್ರೀ ರಾಮಾಯಣ ದರ್ಶನಂ' ತಗೊಳ್ಳೋಕೆ ದುಡ್ಡು ಕೂಡಿಸೋ ಹುಡುಗನ ಕಥೆ, ಮರದ ಮೇಲೆ ಆ ಹೂ ಎಲ್ಲಿ ಬಿಡ್ತದೆ ಅಂತ ನಮ್ ಕಡೆ ಮಕ್ಳಿಗೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ.

ನಮ್ಮೂರಿನ ಸಿನಿಮಾ ಅಂತ 'ಮುಂಗಾರು ಮಳೆ', 'ಗಾಳಿಪಟ' ಹಾಕೋರಿದ್ದಾರೆ, ಹಾಕಿ, ನಗೋಕೆ ಚೆನ್ನಾಗಿರ್ತದೆ. ಆ ಮಳೇಲಿ ಗಣೇಶ್ ಅಷ್ಟುದ್ದ ಡೈಲಾಗ್ ಹೊಡೀತಾರೆ, ಒಂದು ಜಿಗಣೆನೂ ಹತ್ತಲ್ಲ. 'ಗಾಳಿಪಟ' ನೋಡಿ ಹುಮ್ಮಸ್ಸಲ್ಲಿ ಅದೇ ವಾರ, ಅದ್ರ ಶೂಟಿಂಗ್ ಆದ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪ್ ಹತ್ತಬೇಡಿ, ಜುಲೈಲಿ ಅಲ್ಲಿ ಕಾಣೋದು ಬರೀ ಬಿಳೀ ಮಂಜು, ಅಕ್ಟೋಬರ್ ಕಳೀಲಿ.

ಕೊನೇದು, ಮಧ್ಯದಲ್ಲಿ ನಿಂತ್ರೆ ಏನ್ ಮಾಡೋದು. ನಿಲ್ಲದೆ ಇರಲ್ಲ. ಎಷ್ಟು ನಿಮಿಷಕ್ಕೆ ನಿಂತ್ತು ಅಂತ ಗೋಡೆ ಕ್ಯಾಲೆಂಡರ್ ಮೇಲೆ ಆಯಾ ತಾರೀಕಿನ ಚೌಕದಲ್ಲಿ ಪೆನ್ಸಿಲಲ್ಲಿ ಬರೆದುಬಿಡಿ, ಇಲ್ಲಾಂದ್ರೆ ಮೂರು ದಿನ ಬಿಟ್ಟು ಕರೆಂಟ್ ಬಂದಾಗ ಎಲ್ಲಿಂದ ಅಂತ ಜಗಳ ಆಗ್ತದೆ, ಒಬ್ರು ಹಾಡಿಂದ ಅಂತಾರೆ, ಒಬ್ರು ಇಂಟರ್‌ವಲ್ ಇಂದ ಅಂತಾರೆ. ನಮ್ಮ ಕ್ಯಾಲೆಂಡರಲ್ಲಿ ಈ ತಿಂಗಳ ಪುಟದಲ್ಲಿ ಹಾಲಿನ ಲೆಕ್ಕದ ಕೆಳಗೆ 'ಬೆಟ್ಟದ ಹೂವು, 1.50' ಅಂತ ಇದೆ. ಕಂಬಳಿ ಸೀನ್ ಇನ್ನೂ ಬಂದಿಲ್ಲ. ಕರೆಂಟ್ ಹೋಗಿ ಇವತ್ತಿಗೆ ಎರಡನೇ ದಿನ, ಮಗಳು ಆ ಹುಡುಗ ಪುಸ್ತಕ ತಗೊಂಡ್ನಾ ಇಲ್ವಾ ಅಂತ ಎಲ್ರನ್ನೂ ಕೇಳ್ತಿದ್ದಾಳೆ, ಅಜ್ಜಿ ಬಾಯಿ ಬಿಡ್ತಿಲ್ಲ.