ಸೋರದ ಗೋಡೆಯಲ್ಲಿ ತೇವ: ಹಳೆ ಮನೆ ಕೊಳ್ಳುವ ಮೊದಲು ನೋಡುವುದು ಹೇಗೆ?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಮಾರಾಟಕ್ಕೆ ಬರುವ ಹಳೆ ಮನೆಗಳ ಗೋಡೆ ಹೆಚ್ಚಾಗಿ ಮುರಕಲ್ಲಿನದು (ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲು). ಅದರ ಮೇಲೆ ಸುಣ್ಣದ ಗಾರೆ, ಎಷ್ಟೋ ಕಡೆ ಆಮೇಲೆ ಮೆತ್ತಿದ ಸಿಮೆಂಟು. ಮುರಕಲ್ಲು ಮಳೆಗಾಲದಲ್ಲಿ ನೀರು ಕುಡಿದು ಬೇಸಗೆಯಲ್ಲಿ ಆರುತ್ತದೆ. ಹಾಗಾಗಿ ಪತ್ತನಾಜೆಯ (ಮೇ ಕೊನೆಯ ವಾರ) ಮೊದಲು ನೋಡಿದ ಮನೆಯನ್ನು ಆಟಿಯಲ್ಲಿ (ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳು) ಇನ್ನೊಮ್ಮೆ ನೋಡದೆ ಮುಂಗಡ ಕೊಡಬೇಡಿ. ಮಾರುವವರು ಎಷ್ಟು ಅವಸರ ಮಾಡಿದರೂ ಸರಿ.

ಮೊದಲು ಹೊರಗೆ ಒಂದು ಸುತ್ತು ಬನ್ನಿ. ಅಂಗಳಕ್ಕೆ ಮಣ್ಣು ತುಂಬಿ ಇಂಟರ್‌ಲಾಕ್ ಹಾಸಿ, ಪಂಚಾಂಗ (ನೆಲದ ಮೇಲೆ ಕಾಣುವ ಅಡಿಪಾಯ) ಹೂತುಹೋಗಿದೆಯೇ? ಅಂಗಳ ಒಳಗಿನ ನೆಲದಷ್ಟೇ ಎತ್ತರಕ್ಕೆ ಬಂದಿದ್ದರೆ ತೇವದ ಒಂದು ಕಾರಣ ಅಲ್ಲೇ ಸಿಕ್ಕಿತು. ಒಡೆದ ಹಂಚು, ಗೋಡೆಯ ಬುಡಕ್ಕೇ ಬೀಳುವ ಮಾಡಿನ (ಛಾವಣಿಯ) ನೀರು, ಬಚ್ಚಲಿನ ಪೈಪು, ಇವನ್ನೆಲ್ಲ ಮೇಸ್ತ್ರಿ ಒಂದು ನೋಟಕ್ಕೆ ಹೇಳುತ್ತಾರೆ.

ಒಳಗೆ, ಕಲೆ ನೆಲದಿಂದ ಸುಮಾರು ಒಂದು ಮೀಟರ್‌ವರೆಗೆ ಪಟ್ಟಿಯಾಗಿ ನಿಂತಿದ್ದರೆ ನೆಲದ ತೇವ ಮೇಲೇರುತ್ತಿದೆ. ಮೇಲಿನಿಂದ ಇಳಿದಿದ್ದರೆ ಮಾಡನ್ನು ನೋಡಿ. ಬೆರಳಿನ ಗೆಣ್ಣಿನಿಂದ ತಟ್ಟಿ: ಪೊಳ್ಳು ಸದ್ದು ಬಂದಲ್ಲಿ ಗಾರೆ ಕಲ್ಲನ್ನು ಬಿಟ್ಟಿದೆ. ಒಂದೇ ಗೋಡೆಗೆ ಹೊಸ ಪೈಂಟ್ ಬಳಿದಿದ್ದರೆ ಯಾಕೆಂದು ಕೇಳಲೇಬೇಕು.

ಇಷ್ಟಕ್ಕೂ ಗೊತ್ತಾಗದಿದ್ದರೆ, ಹುಡಿ ಉಜ್ಜಿ ತೆಗೆದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ನಾಲ್ಕೂ ಬದಿಗೆ ಟೇಪ್ ಹಚ್ಚಿ ಅಂಟಿಸಿ, 48 ಗಂಟೆ ಬಿಡಿ. ಹನಿ ಹೊರಮೈಯಲ್ಲಿ ಕಂಡರೆ ಅದು ಕೋಣೆಯ ಗಾಳಿಯದು, ಒಳಮೈಯಲ್ಲಿ ಕಂಡರೆ ಗೋಡೆಯದು.

ಎಲ್ಲಿಯೂ ಸೋರಿಕೆಯಿಲ್ಲ, ಆದರೂ ಮಳೆ ಹಿಡಿದಾಗ ಅದೇ ಜಾಗ ಕಪ್ಪಾಗಿ, ಬಿಸಿಲು ಬಂದಾಗ ಮಾಯವಾಗುತ್ತದೆಯೇ? ಗೋಡೆಯೊಳಗಿನ ಉಪ್ಪನ್ನು ಸಂಶಯಿಸಿ. ಗಾಳಿಯ ಆರ್ದ್ರತೆ ಶೇ. 75 ದಾಟಿದರೆ ಸಾದಾ ಉಪ್ಪು ಗಾಳಿಯಿಂದಲೇ ನೀರೆಳೆಯುತ್ತದೆ. ಆಟಿಯಲ್ಲಿ ಉಪ್ಪಿನ ಭರಣಿ ನೀರೊಡೆಯುವ ಹಾಗೆ ಗೋಡೆಯೂ ನೀರೊಡೆಯುತ್ತದೆ. ಗಾರೆಗೆ ಕಡಲ ಬದಿಯ ಹೊಯಿಗೆ (ಮರಳು) ಬಳಸಿದಲ್ಲಿ ಇದು ಸಾಮಾನ್ಯ. ಹಿಂದೆ ದನದ ಹಟ್ಟಿಯಾಗಿದ್ದ ಕೋಣೆಯಲ್ಲಿ ಇನ್ನೂ ಕಷ್ಟ. ದನದ ಗಂಜಳದಿಂದ ಗೋಡೆಗಿಳಿದ ನೈಟ್ರೇಟ್‌ಗಳಲ್ಲಿ ಕೆಲವು ಶೇ. 50ರ ಆಸುಪಾಸಿನಲ್ಲೇ ನೀರು ಹಿಡಿಯುತ್ತವೆ. ಆದ್ದರಿಂದ ಪಕ್ಕದ ಮನೆಯ ಹಿರಿಯರಲ್ಲಿ ಕೇಳಿ: “ಅಜ್ಜಿ, ಹಟ್ಟಿ ಮೊದಲು ಎಲ್ಲಿತ್ತು?” ಮುಳ್ಳು ಚುಚ್ಚಿ ನೋಡುವ ತೇವದ ಮೀಟರಿಗಿಂತ ಆ ಉತ್ತರವನ್ನೇ ನಾನು ನಂಬುವುದು, ಯಾಕೆಂದರೆ ಉಪ್ಪು ಇದ್ದಲ್ಲಿ ಮೀಟರು ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ. ಗೋಡೆಯ ಮೇಲೆ ಬಿಳಿ ಹುಡಿ ಕಂಡರೆ ಅದನ್ನು ಕೆರೆದು ನೀರಿಗೆ ಹಾಕಿಯೂ ನೋಡಬಹುದು. ಕರಗಿದರೆ ಉಪ್ಪು, ತಳದಲ್ಲಿ ನಿಂತರೆ ಸುಣ್ಣ.

ಉಪ್ಪೇರಿದ ಗಾರೆಗೆ ವಾಟರ್‌ಪ್ರೂಫ್ ಪೈಂಟ್ ಮದ್ದಲ್ಲ. ಸಿಮೆಂಟು ಮೆತ್ತಿದರೆ ತೇವ ಅದರ ಮೇಲಕ್ಕೆ ಹತ್ತುತ್ತದೆ. ಕಲೆಗಿಂತ ಒಂದಡಿ ಹೆಚ್ಚು ಗಾರೆ ಕೆತ್ತಿ ತೆಗೆದು, ಹೊರಗೆ ನೀರು ಹರಿಯಲು ಕಣಿ ಮಾಡಿ, ಕಲ್ಲು ಆರಿದ ಮೇಲೆ ಸಿಹಿನೀರಿನ ಹೊಯಿಗೆಯ ಸುಣ್ಣದ ಗಾರೆ ಹಾಕಿಸಬೇಕು. ಒಂದಿಂಚು ದಪ್ಪ ಆರಲು ಸುಮಾರು ಒಂದು ತಿಂಗಳೆಂದು ಲೆಕ್ಕ. ದಪ್ಪ ಗೋಡೆಗೆ ಒಂದು ಬೇಸಗೆ ಪೂರ್ತಿ ಬೇಕಾದೀತು. ಈ ಕೆಲಸದ ಖರ್ಚನ್ನು ಮೇಸ್ತ್ರಿಯಿಂದ ಬರೆಸಿಕೊಂಡು, ಆ ಚೀಟಿ ಹಿಡಿದುಕೊಂಡೇ ಕ್ರಯದ ಮಾತಿಗೆ ಕುಳಿತುಕೊಳ್ಳಿ.