ಮನ್ಯಾಗ 40-50ಕ್ಕೇ ಮರೆವು ಬರಾಕತ್ತಿದ್ರ: ಪ್ರೆಸೆನಿಲಿನ್ ಜೀನ್ ಟೆಸ್ಟ್ ಬೇಕೋ ಬ್ಯಾಡೋ ಹೆಂಗ ತಿಳಕೊಳ್ಳೋದು

ಮೊದಲ ಇದನ್ನ ಹೇಳಿಬಿಡ್ತೀನಿ, ಎಪ್ಪತ್ತು ಎಂಬತ್ತು ದಾಟಿದ ಅಜ್ಜಿಗೆ ಮರೆವು ಬಂತು ಅಂತ ಜೀನ್ ಟೆಸ್ಟ್ ಹಿಂದ ಓಡಬ್ಯಾಡ್ರಿ. ಆಲ್ಝೈಮರ್ಸ್ ಅನ್ನೋ ಮರೆವಿನ ರೋಗ ಬಂದ ನೂರು ಮಂದಿಯೊಳಗ ಒಬ್ಬರಿಗಿಂತ ಕಮ್ಮಿ ಮಂದಿಗೆ ಅದು ಒಂದೇ ಒಂದು ಜೀನ್ ಕೆಟ್ಟು ಬಂದಿರತೈತಿ, ಅಂಥಾ ಜೀನ್‌ನ್ಯಾಗ ಒಂದು ಈ ಪ್ರೆಸೆನಿಲಿನ್. ಆದ್ರ ನಿಮ್ಮ ಮನ್ಯಾಗ 42ಕ್ಕೆ, 47ಕ್ಕೆ, 50ಕ್ಕೆ ಒಬ್ಬರಾದ ಮ್ಯಾಲೆ ಒಬ್ಬರಿಗೆ ಹಿಂಗಾಗಾಕತ್ತಿದ್ರ, ಊರಾಗ ಮಂದಿ ಮಾಟ, ಗಾಳಿ, ಮನೆದೇವರ ಸಿಟ್ಟು ಅಂತ ಏನೇನೋ ಅಂದ್ರ, ಈ ಬರಹ ನಿಮಗೇ ಬರದದ್ದು.

ಟೆಸ್ಟಿಗಿಂತ ಮುಂಚೆ ಒಂದು ಹಾಳಿ, ಒಂದು ಪೆನ್ನು ತಗೋರಿ. ಮೂರು ತಲೆಮಾರಿನ ವಂಶಾವಳಿ ಬರೀರಿ, ಯಾರಿಗೆ ಮರೆವು ಬಂತು ಅನ್ನೋದಕ್ಕಿಂತ ಎಷ್ಟನೇ ವಯಸ್ಸಿಗೆ ಶುರು ಆತು ಅನ್ನೋದು ಇಲ್ಲಿ ಮುಖ್ಯ. ನಮ್ಮ ಕಡೆ ಹಿರಿಯರಿಗೆ ಹುಟ್ಟಿದ ದಿನ ಗೊತ್ತಿರಂಗಿಲ್ಲ, ಹಂಗಾಗಿ ಹೊಂದಿಸಿ ಕೇಳಬೇಕು, ತುಂಗಭದ್ರಾ ಡ್ಯಾಂ 1953ಕ್ಕೆ ಮುಗೀತಲ್ಲ, ಆವಾಗ ದೊಡ್ಡಪ್ಪ ಕೂಸೋ ಸಾಲಿಗೆ ಹೋಗೋ ಹುಡುಗನೋ, 2009ರ ನೆರಿ ಬಂದಾಗ ಅತ್ತಿ ಲೆಕ್ಕ ಸರಿ ಮಾಡತಿದ್ಲೋ ಇಲ್ಲೋ, ಹಿಂಗ. ಕೊಪ್ಪಳದ ಗವಿಮಠದ ಜಾತ್ರಿಗೆ ಬೀಗರು ನೆಂಟರು ಎಲ್ಲಾರು ಬಂದಿರತಾರ, ಕೇಳಾಕ ಅದಕ್ಕಿಂತ ಛಲೋ ಟೈಮ್ ಸಿಗಂಗಿಲ್ಲ. ಸಣ್ಣ ವಯಸ್ಸಿನ್ಯಾಗ ಹಾವು ಕಚ್ಚಿ, ಆಕ್ಸಿಡೆಂಟ್ ಆಗಿ ಸತ್ತೋರನ್ನೂ ಬರೀರಿ, ಯಾಕಂದ್ರ 35ಕ್ಕೆ ಹೋದ ಮನಿಷಾನ ಒಳಗ ಆ ಕೆಟ್ಟ ಜೀನ್ ಇದ್ದರೂ ರೋಗ ಕಾಣಸಾಕ ಟೈಮೇ ಸಿಕ್ಕಿರಂಗಿಲ್ಲ, ಆಗ ಒಂದು ತಲೆಮಾರು ಬಿಟ್ಟು ಬಂತೇನೋ ಅನ್ನಂಗ ಕಾಣತೈತಿ.

ಮರೆವು ಒಂದೇ ಬರೀಬ್ಯಾಡ್ರಿ. ಫಿಟ್ಸ್ ಬಂದಿತ್ತೇನು, ಕೈಕಾಲು ತಟಕ್ಕನ ಜಗ್ಗತಿದ್ವೇನು, ಕಾಲು ಬಿಗದು ನಡಿಗಿ ಕೆಟ್ಟಿತ್ತೇನು, ಸ್ವಭಾವ ಪೂರ್ತಿ ಬದಲಾತೇನು. ಪ್ರೆಸೆನಿಲಿನ್ 1 ಕೆಟ್ಟ ಕೆಲವು ಮನೆತನದಾಗ ಇವೂ ಕಾಣಿಸ್ಕೊತಾವ, ಇದನ್ನ ಕೇಳಿದ್ರ ಡಾಕ್ಟರಿಗೆ ದಾರಿ ಸಲೀಸಾಗತೈತಿ.

ಇನ್ನ ಈ ಪ್ರೆಸೆನಿಲಿನ್ ಅಂದ್ರ ಏನು ಅಂತ. ನಮ್ಮ ಮಿದುಳಿನ ಜೀವಕೋಶದ ಪೊರಿಯೊಳಗ ಗಾಮಾ ಸೆಕ್ರಿಟೇಸ್ ಅನ್ನೋ ಪ್ರೋಟೀನ್ ಕತ್ತರಿಸೋ ಯಂತ್ರ ಐತಿ, ನಾಕು ಭಾಗದ್ದು, ಅದರಾಗ ಖರೇ ಕೊಯ್ಯೋ ಭಾಗನೇ ಪ್ರೆಸೆನಿಲಿನ್. ಇದು ಅಡಕತ್ತರಿ ಇದ್ದಂಗ, ಪ್ರೋಟೀನ್ ತನ್ನಷ್ಟಕ್ಕ ತಾನೇ ಎರಡು ತುಂಡಾಗಿ ಜೋಡಿ ಕೂತಿರತೈತಿ, ಒಂದೊಂದು ತುಂಡಿನ್ಯಾಗೂ ಒಂದೊಂದು ಅಸ್ಪಾರ್ಟೇಟ್ ಅನ್ನೋ ಅಮೈನೋ ಆಸಿಡ್ (ಪ್ರೋಟೀನ್ ಸರದ ಮಣಿ ಇದ್ದಂಗ), ಎರಡೂ ಎದುರು ಬದುರು ಬಂದಾಗ್ಲೇ ಕೊಯ್ತ. ಎಪಿಪಿ ಅನ್ನೋ ಉದ್ದನ್ನ ಪ್ರೋಟೀನ್‌ನ ಅದು ಸ್ವಲ್ಪ ಸ್ವಲ್ಪ ಕೊಯ್ಕೋತ ಬಂದು ಕೊನೀಗೆ ಹೆಚ್ಚಾಗಿ 40 ಅಮೈನೋ ಆಸಿಡ್‌ನ ಅಮಿಲಾಯ್ಡ್ ಬೀಟಾ ತುಂಡು ಬಿಡತೈತಿ, ಅದು ಅಷ್ಟು ತ್ರಾಸಿನದಲ್ಲ. ಜೀನ್ ಕೆಟ್ಟಾಗ ಕೊಯ್ತ ಅರ್ಧಕ್ಕ ನಿಂತು 42ರ ಉದ್ದನ ತುಂಡಿನ ಪಾಲು ಜಾಸ್ತಿ ಆಗತೈತಿ, ಅದು ಅಂಟಂಟು, ಒಂದಕ್ಕೊಂದು ಹತ್ತಿ ಗಡ್ಡಿ ಕಟ್ಟತೈತಿ, ಮರೆವು ಕಾಣಿಸೋ ಹತ್ತಿಪ್ಪತ್ತು ವರ್ಷ ಮುಂಚೇನೇ ಇದು ಶುರು ಆಗಿರತೈತಿ.

ಜೀನ್ ಎರಡು. ಪ್ರೆಸೆನಿಲಿನ್ 1 ಇರೋದು 14ನೇ ಕ್ರೋಮೋಸೋಮ್‌ನ್ಯಾಗ (ಜೀನ್‌ಗಳು ಕೂತಿರೋ ಎಳಿ), ಪ್ರೆಸೆನಿಲಿನ್ 2 ಒಂದನೇ ಕ್ರೋಮೋಸೋಮ್‌ನ್ಯಾಗ, ಎರಡೂ 1995ರಾಗ ಸಿಕ್ಕವು. ಪ್ರೆಸೆನಿಲಿನ್ 1ರ ತಪ್ಪು 300ಕ್ಕಿಂತ ಹೆಚ್ಚು ಥರದವು ಸಿಕ್ಕಾವ, ರೋಗ ಬಾಳ ಸಲ 30ರಿಂದ 50ರೊಳಗ ಬರತೈತಿ, ಪ್ರೆಸೆನಿಲಿನ್ 2ರದ್ದು ಅಪರೂಪ, ತಡಾನೂ ಬರತೈತಿ, ಕೆಲವರಿಗೆ ಮುಪ್ಪಾದ ಮ್ಯಾಲೂ. ಕೊಲಂಬಿಯಾದ ಆಂಟಿಯೋಕಿಯಾ ಅನ್ನೋ ಸೀಮ್ಯಾಗ ಒಂದೇ ದೊಡ್ಡ ಮನೆತನದ ಸಾವಿರಾರು ಮಂದಿಯನ್ನ ಡಾಕ್ಟರ್ ಫ್ರಾನ್ಸಿಸ್ಕೊ ಲೊಪೇರಾ ದಶಕಗಟ್ಟಲೆ ನೋಡ್ಕೊಂಡು ಬಂದ್ರು, ಅಲ್ಲಿ ಪ್ರೆಸೆನಿಲಿನ್ 1ರ ಒಂದೇ ತಪ್ಪು, 44ರ ಸುಮಾರಿಗೆ ಮರೆವು, 49ರ ಸುಮಾರಿಗೆ ಪೂರ್ತಿ ಡಿಮೆನ್ಶಿಯಾ, ಅಂದ್ರ ದಿನದ ಕೆಲಸಾನೂ ಆಗದಷ್ಟು ಬುದ್ಧಿ ಕುಂದೋದು. ವಂಶಾವಳಿಯೊಳಗ ವಯಸ್ಸು ಬರೀರಿ ಅಂತ ನಾ ಇಷ್ಟು ಹಟ ಹಿಡಿದದ್ದು ಇದಕ್ಕ, ಪ್ರೆಸೆನಿಲಿನ್ 1 ಇರೋ ಮನ್ಯಾಗ ಶುರುವಾಗೋ ವಯಸ್ಸು ಸಾಮಾನ್ಯವಾಗಿ ಅಲ್ಲಲ್ಲೇ ಇರತೈತಿ.

ತಂದಿ ಅಥವಾ ತಾಯಿ ಒಬ್ಬರ ಕಡಿಂದ ಬಂದ್ರ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಛಾನ್ಸ್, ಗಂಡು ಹೆಣ್ಣು ಫರಕ್ ಇಲ್ಲ. ಸೋದರಮಾವನ್ನ ಮಾಡ್ಕೊಂಡಿದ್ದಕ್ಕೇ ಹಿಂಗಾತು ಅಂತ ಸೊಸಿ ಮ್ಯಾಲೆ ಹಾಕತಾರ, ದಯವಿಟ್ಟು ಹಂಗ ಅನ್ನಬ್ಯಾಡ್ರಿ, ಒಳಸಂಬಂಧದ್ದು ಇದಕ್ಕ ಏನೂ ಪಾತ್ರ ಇಲ್ಲ.

ಹಾಳಿ ತಗೊಂಡು ಬಳ್ಳಾರಿ, ರಾಯಚೂರು ರಿಮ್ಸ್, ಕೊಪ್ಪಳ ಕಿಮ್ಸ್, ಯಾವುದು ಹತ್ರನೋ ಆ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರಿಗೆ ಹೋಗ್ರಿ. ಬಿ12, ಥೈರಾಯ್ಡ್, ತಲಿ ಸ್ಕ್ಯಾನ್ ಮೊದಲು ಆಗ್ಲಿ, ಬಿದ್ದು ತಲ್ಯಾಗ ರಕ್ತ ಕಟ್ಟಿರಬಹುದು, ಕುಡಿಯೋ ಚಟ ಇರಬಹುದು, ಮನಸ್ಸಿನ ಖಿನ್ನತೆ ಇರಬಹುದು, ಇವೆಲ್ಲ ಚಿಕಿತ್ಸಿಗೆ ಬಗ್ಗೋವು, ಇವನ್ನ ಬಿಟ್ಟು ಜೀನ್ ಅಂದ್ರ ಉಳಿಸಬಹುದಾದ ಮನಿಷಾನ್ನ ಕಳಕೊಂಡಂಗ. ಅಲ್ಲಿಂದ ನ್ಯೂರಾಲಜಿಸ್ಟ್ ಬರದುಕೊಟ್ರ ಬೆಂಗಳೂರಿನ ನಿಮ್ಹಾನ್ಸ್, ಹಂಪಿ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿದ್ರ ಮುಂಜಾನಿ ಇಳೀತೀರಿ, ಹಳೇ ರಿಪೋರ್ಟ್ ಎಲ್ಲಾ ಒಂದೇ ಫೈಲಿನ್ಯಾಗ ಇಟ್ಕೋರಿ.

ಈಗ ಬಾಳ ಮಂದಿ ತಪ್ಪೋ ಜಾಗಾ. ಟೆಸ್ಟ್ ಮೊದಲು ರೋಗ ಇದ್ದೋರಿಗೇ ಮಾಡಿಸ್ರಿ, ಆರಾಮ ಇರೋ ಮಗನಿಗೆ ಅಲ್ಲ. ಅಪ್ಪಗ ಯಾವ ತಪ್ಪು ಐತಿ ಅಂತ ಗೊತ್ತಿಲ್ದ ಮಗಂದು ನೆಗೆಟಿವ್ ಬಂದ್ರ ಅದಕ್ಕ ಅರ್ಥಾನೇ ಇಲ್ಲ, ಅದು ಬ್ಯಾರೆ ಜೀನೂ ಆಗಿರಬಹುದು. ಎರಡೂ ಪ್ರೆಸೆನಿಲಿನ್ ಜೀನ್ ಜೊತಿ 21ನೇ ಕ್ರೋಮೋಸೋಮ್‌ನ ಎಪಿಪಿ ಜೀನೂ ಆ ಟೆಸ್ಟಿನ್ಯಾಗ ಐತೇನು ನೋಡ್ರಿ. ಆನ್‌ಲೈನ್ ಕಿಟ್‌ನ್ಯಾಗ ಬರೋ ಎಪಿಒಇ ಅನ್ನೋ ಬ್ಯಾರೆ ಜೀನ್‌ನ ಟೆಸ್ಟ್ ಇದಲ್ಲ, ಅದು ಅಪಾಯ ಎಷ್ಟು ಜಾಸ್ತಿ ಅಂತ ಅಷ್ಟೇ ಹೇಳತೈತಿ.

ರಿಪೋರ್ಟ್‌ನ್ಯಾಗ ರೋಗಕಾರಕ ಅಂತ ಬಂದ್ರ ಕಾರಣ ಸಿಕ್ಕಂಗ. ಅರ್ಥ ಖಚಿತ ಇಲ್ಲದ ಬದಲಾವಣೆ, ವಿಯುಎಸ್ ಅಂತಾರ, ಅದು ಬಂದ್ರ ಪಾಸಿಟಿವ್ ಅಲ್ಲ, ಅದರ ಮ್ಯಾಲೆ ಮದುವಿ ಮುರೀಬ್ಯಾಡ್ರಿ, ಹೊಲ ಮಾರಬ್ಯಾಡ್ರಿ. ಆರಾಮ ಇರೋ ಮಕ್ಕಳು ಟೆಸ್ಟ್ ಮಾಡಿಸ್ಕೊಳ್ಳೋದು ಬಿಡೋದು ಅವರವರ ಇಷ್ಟ, 18ರೊಳಗಿನವರಿಗೆ ಬ್ಯಾಡ, ಮನಿ ಹಿರಿಯರು ಒತ್ತಾಯ ಮಾಡಬಾರದು, ಜೆನೆಟಿಕ್ ಕೌನ್ಸೆಲಿಂಗ್ (ಜೀನ್ ಟೆಸ್ಟಿನ ಒಳಿತು ಕೆಡಕು ತಿಳಿಸಿ ಹೇಳೋದು) ಇಲ್ದ ರಕ್ತ ಕೊಡಲೇಬಾರದು. ನನಗ ಗೊತ್ತಾಗೋದೇ ಬ್ಯಾಡ ಅನ್ನೋ ಹುಡುಗಿ ಹೆದರಿ ಹಂಗ ಅಂತಾಳ ಅಂತ ತಿಳೀಬ್ಯಾಡ್ರಿ, ಅದೂ ವಿಚಾರ ಮಾಡಿ ತಗೊಂಡ ನಿರ್ಧಾರಾನೇ.

ಔಷಧದ ಬಗ್ಗೆ ಸುಳ್ಳು ಆಸೆ ಹಚ್ಚೋದು ಬ್ಯಾಡ. ಆ ಕತ್ತರಿ ಯಂತ್ರಾನೇ ಬಂದ್ ಮಾಡೋಣು ಅಂತ ಸೆಮಾಗಾಸೆಸ್ಟಾಟ್ ಅನ್ನೋ ಮಾತ್ರಿ ತಂದ್ರು, 2010ರಾಗ ಪ್ರಯೋಗ ನಿಲ್ಲಿಸಬೇಕಾತು, ಮಂದಿ ಇನ್ನಷ್ಟು ಕೆಟ್ರು, ಚರ್ಮದ ಕ್ಯಾನ್ಸರ್ ಜಾಸ್ತಿ ಆತು, ಯಾಕಂದ್ರ ಅದೇ ಯಂತ್ರ ನಾಚ್ ಅನ್ನೋ ಬ್ಯಾರೆ ಪ್ರೋಟೀನೂ ಕೊಯ್ಯಬೇಕು. ಡೊನೆಪೆಜಿಲ್, ಮೆಮಾಂಟಿನ್ ಅನ್ನೋ ಔಷಧ ಲಕ್ಷಣ ಸ್ವಲ್ಪ ತಡೀತಾವ, ಬೇರು ಕೀಳಂಗಿಲ್ಲ.

ಹಂಗಾಗಿ ರಿಪೋರ್ಟ್ ಬಂದ ವಾರದಾಗ ಮಾಡೋ ಕೆಲಸ ಬ್ಯಾರೆನೇ ಅದಾವ: ರೋಗ ಇದ್ದೋರಿಗೆ ಇನ್ನೂ ತಿಳುವಳಿಕಿ ಇದ್ದಾಗ್ಲೇ ಪಹಣಿ, ಬ್ಯಾಂಕು, ನಾಮಿನಿ ಅವರ ಇಚ್ಛಾದಂಗ ಸರಿ ಮಾಡ್ಸಿ, ಗಾಡಿ ಕೀಲಿ ತಗೊಂಡಿಟ್ಟು, ನೋಡ್ಕೊಳ್ಳೋರಿಗೆ ರಾತ್ರಿ ಪಾಳಿ ಹಂಚಿ. ನೋಡ್ಕೊಳ್ಳೋರಿಗೆ ತಡಿಯಾಕ ಆಗಲಿಲ್ಲಂದ್ರ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಹಚ್ರಿ, ಕನ್ನಡದಾಗೇ ಮಾತಾಡ್ತಾರ, ದುಡ್ಡಿಲ್ಲ.